ತಾರಸಿ ಪಾರ್ಕಿನಲ್ಲಿಟ್ಟ ಎಡೆ

ನನಗೆ ಹೆಜ್ಜೆ ಎಣಿಸುವ ಚಟವಿದೆ. ಬೀಡಿಯದೋ ನಶ್ಯದ್ದೋ ಚಟವಾಗಿದ್ದರೆ ಮನೆಯವರು ಬೈದು ಬಿಡಿಸಬಹುದಿತ್ತು. ಇದು ಬಾಯೊಳಗೇ ನಡೆಯುವ ಚಟ, ಯಾರ ಕಣ್ಣಿಗೂ ಬೀಳುವುದಿಲ್ಲ. ನಮ್ಮ ಮನೆ ಹೊಸಿಲಿನಿಂದ ಹಾಲಿನ ಡೈರಿಗೆ ನೂರಾ ಎಂಬತ್ತನಾಲ್ಕು. ಡೈರಿಯಿಂದ ನಾನು ಪಾಠ ಹೇಳುವ ಸ್ಕೂಲಿಗೆ ಆರುನೂರ ಹನ್ನೆರಡು. ಮಳೆ ಬಂದು ಕೊಚ್ಚೆ ಸುತ್ತಿಕೊಂಡು ಹೋಗಬೇಕಾದರೆ ಆರುನೂರ ನಲವತ್ತು. ಮೊನ್ನೆ ಸಂತೆಗೆ ಹೋಗುವಾಗ ಹೆಂಡತಿ ಹಿಡಿದು ನಿಲ್ಲಿಸಿದಳು. “ಏನ್ರೀ, ಆಗ್ಲಿಂದ ಕೂಗ್ತಿದೀನಿ, ತುಟಿ ಅಲ್ಲಾಡಿಸ್ಕೊಂಡು ಹೋಗ್ತಾನೇ ಇದ್ದೀರಲ್ಲ, ಜಪ ಏನಾದ್ರೂ ಹಿಡಿದಿದ್ದೀರಾ?” ಅಂದಳು. ಹೂಂ ಅಂದೆ. ಲೆಕ್ಕ ತಪ್ಪಿಹೋಯಿತಲ್ಲ ಎಂದು ಒಳಗೊಳಗೇ ಸಿಡುಕಿಕೊಂಡೆ.

ಆದರೆ ನಮ್ಮೂರ ಬಸ್ ಸ್ಟ್ಯಾಂಡಿನ ಕಾಂಪೌಂಡಿಗೆ ಕಾಲಿಟ್ಟ ಕೂಡಲೇ ಎಣಿಕೆ ನಿಲ್ಲಿಸುತ್ತೇನೆ. ಅಲ್ಲಿ ಎಣಿಸಿದ್ದು ಸಾಕಾಗಿದೆ. ಯಾಕೆಂದು ಹೇಳಬೇಕಾದರೆ ಆ ಬಸ್ ಸ್ಟ್ಯಾಂಡಿನ ತಲೆಯ ಮೇಲೆ ಒಂದು ಕಾಲದಲ್ಲಿ ಇದ್ದ ಪಾರ್ಕಿನ ವಿಷಯ ಹೇಳಬೇಕು. ಈಗ ಅಲ್ಲಿ ಪಾರ್ಕು ಇತ್ತು ಅಂದರೆ ನಮ್ಮ ಸ್ಕೂಲಿನ ಮಕ್ಕಳು ನಗುತ್ತಾರೆ. ನೀವೂ ನಗಬೇಡಿ.

ದೇವನಹಳ್ಳಿಯ ಕಡೆಗೊಂದು, ಹೊಸಕೋಟೆಯ ಕಡೆಗೊಂದು ರಸ್ತೆ ಒಡೆಯುವ ಊರು ನಮ್ಮದು. ಹೆಸರು ಹೇಳುವುದಿಲ್ಲ, ಹೇಳಿದರೆ ಊರಿನವರು ಮನೆಗೆ ಬಂದು ಜಗಳ ತೆಗೆಯುತ್ತಾರೆ. ಅರವತ್ತರ ದಶಕದ ಕೊನೆಯವರೆಗೂ ಬಸ್ಸುಗಳು ಅರಳಿಕಟ್ಟೆಯ ಮುಂದೆ ನಿಂತು ಹೋಗುತ್ತಿದ್ದವು. ಆಮೇಲೆ ಊರಾಚೆ ಹೊಸ ಬಸ್ ಸ್ಟ್ಯಾಂಡ್ ಕಟ್ಟಿದರು. ಉದ್ದನೆಯ ಆರ್‌ಸಿಸಿ ಕಟ್ಟಡ, ಸಾಲಾಗಿ ದಪ್ಪ ಕಂಬಗಳು, ಗಂಡಸರಿಗೆ ಹೆಂಗಸರಿಗೆ ಬೇರೆ ಬೇರೆ ಕಾಯುವ ಕೋಣೆ. ಯಾವ ಪುಣ್ಯಾತ್ಮನಿಗೆ ಹೊಳೆಯಿತೋ ಏನೋ, ಇಷ್ಟು ದೊಡ್ಡ ತಾರಸಿ ಸುಮ್ಮನೆ ಬಿಸಿಲು ಕಾಯುತ್ತಾ ಬಿದ್ದಿರುವುದೇಕೆ ಎಂದು ಅದರ ಮೇಲೆ ಮೊಣಕಾಲುದ್ದ ಮಣ್ಣು ಹಾಕಿಸಿ ಒಂದು ಪಾರ್ಕು ಮಾಡಿಸಿಬಿಟ್ಟ. ಹುಲ್ಲು, ಸಿಮೆಂಟಿನ ಬೆಂಚುಗಳು, ಸಿಮೆಂಟಿನದೇ ಎರಡು ಜಿಂಕೆ, ಕ್ರೋಟನ್ ಗಿಡಗಳ ದೊಡ್ಡ ದೊಡ್ಡ ಕುಂಡಗಳು, ಒಂದು ಕಬ್ಬಿಣದ ಕಂಬಕ್ಕೆ ಕಟ್ಟಿದ ಧ್ವನಿವರ್ಧಕ. ಬೆಂಗಳೂರಿನಲ್ಲೂ ಇಂಥದ್ದಿಲ್ಲ ಎಂದು ನಾವು ಬೆಂಗಳೂರು ನೋಡದವರ ಮುಂದೆ ಹೇಳಿಕೊಂಡು ಓಡಾಡಿದೆವು.

ಶುರುವಿನ ದಿನಗಳಲ್ಲಿ ಸುತ್ತಲಿನ ಹಳ್ಳಿಗಳಿಂದ ಗಾಡಿ ಕಟ್ಟಿಕೊಂಡು ಜನ ಬಂದರು. ಬಂದವರೆಲ್ಲ ಮೆಟ್ಟಿಲ ಬುಡದಲ್ಲಿ ಚಪ್ಪಲಿ ಬಿಟ್ಟು ಹತ್ತುತ್ತಿದ್ದರು. ಮೆಟ್ಟಿಲು ಹತ್ತಿ ಹೋಗಬೇಕು, ಮೇಲೆ ಹೂವಿದೆ, ಬಾಗಿಲಲ್ಲಿ ಒಬ್ಬ ನಿಂತಿದ್ದಾನೆ ಅಂದಮೇಲೆ ದೇವರು ಇರಲೇಬೇಕಲ್ಲ! ಸಮೇತನಹಳ್ಳಿಯ ಒಬ್ಬ ಮುದುಕಿ ತೆಂಗಿನಕಾಯಿ ತಂದು ಒಡೆಯಲು ಜಾಗ ಹುಡುಕಿದಳಂತೆ. ಇನ್ನೊಂದು ದಿನ ನನ್ನ ಪಕ್ಕದಲ್ಲೇ ನಿಂತಿದ್ದ ಗಂಡ ಹೆಂಡತಿ ಕೆಳಗೆ ಹೊರಟ ಬಸ್ಸನ್ನು ಬೆರಗಿನಿಂದ ನೋಡುತ್ತಿದ್ದರು. “ಮೇಲಿಂದ ನೋಡಿದ್ರೆ ಬಸ್ಸು ಎಷ್ಟ್ ಚೆನ್ನಾಗ್ ಕಾಣ್ತದೆ ನೋಡೇ” ಎಂದ ಅವನು. ಬಸ್ಸು ರಸ್ತೆಗೆ ತಿರುಗಿದ ಮೇಲೆ ಅವಳು ಬಾಯಿ ಬಡಿದುಕೊಂಡಳು. “ಅಯ್ಯೋ ನಿಮ್ಮನೆ ಕಾಯ್ವಾಗ, ಅದು ನಮ್ಮೂರ್ ಬಸ್ಸು ಕಣ್ರೀ!” ದಿನಕ್ಕೆ ಅದೊಂದೇ ಬಸ್ಸು. ಅವರು ಆ ಸಂಜೆ ಏಳು ಮೈಲಿ ನಡೆದಿರಬೇಕು.

ಬಾಗಿಲಲ್ಲೇ ಒಂದು ಬೋರ್ಡು ಇತ್ತು. ಹೂ ಕೀಳಬಾರದು, ಹುಲ್ಲಿನ ಮೇಲೆ ನಡೆಯಬಾರದು, ಉಗುಳಬಾರದು, ತಿಂಡಿ ತಿನಿಸು ತರಬಾರದು. ಕೊನೆಯ ನಿಯಮವನ್ನು ಎಂಟು ವರ್ಷ ಮುರಿದವರು ನಾವು, ಅಂದರೆ ನಾನು ಮತ್ತು ನನ್ನ ಅಮ್ಮ. ತಿಂಡಿ ತಿನಿಸು ಎಂದೇನು, ಮುದ್ದೆ, ಕೋಳಿಸಾರು, ವಡೆ, ಕಜ್ಜಾಯ, ಒಂದು ಕಟ್ಟು ಬೀಡಿ, ಇಷ್ಟನ್ನೂ ಬಾಳೆ ಎಲೆಯಲ್ಲಿ ಬಡಿಸಿ ಆ ಪಾರ್ಕಿನಲ್ಲಿ ಇಟ್ಟು ಬರುತ್ತಿದ್ದೆವು.

ಯಾಕೆಂದರೆ ಆ ಬಸ್ ಸ್ಟ್ಯಾಂಡು ಎದ್ದದ್ದು ನಮ್ಮ ಹೊಲದ ಮೇಲೆ. ಆ ಹೊಲದಲ್ಲಿ ಅಪ್ಪನ ಸಮಾಧಿ ಇತ್ತು.

ನಮ್ಮ ಕಡೆಯ ಒಕ್ಕಲು ಮನೆಗಳಲ್ಲಿ ಸತ್ತವರನ್ನು ಅವರವರ ಹೊಲದಲ್ಲೇ ಮಣ್ಣು ಮಾಡುವುದು. ವರ್ಷಕ್ಕೊಮ್ಮೆ ಮಾರ್ಲಮಿ ಹಬ್ಬದಲ್ಲಿ ಮನೆಯಲ್ಲಿ ಹಿರಿಯರಿಗೆ ಎಡೆ ಇಟ್ಟಮೇಲೆ, ಒಂದೆಲೆಯನ್ನು ಸಮಾಧಿಯ ಹತ್ತಿರವೂ ಇಟ್ಟು ದೂರ ಸರಿದು ಕೂರುತ್ತಾರೆ. ಕಾಗೆ ಬಂದು ಮುಟ್ಟಿದರೆ ಹೋದವರು ಉಂಡರು ಎಂದು ಲೆಕ್ಕ. ಮುಟ್ಟದಿದ್ದರೆ ಮನೆಯಲ್ಲಿ ಯಾರಿಗೂ ಆ ದಿನ ತುತ್ತು ಇಳಿಯುವುದಿಲ್ಲ. ನಾನು ಇದನ್ನೆಲ್ಲ ನಂಬುತ್ತೇನೋ ಇಲ್ಲವೋ ಎಂದು ಕೇಳಬೇಡಿ. ಅಮ್ಮ ನಂಬುತ್ತಿದ್ದಳು, ಅಷ್ಟು ಸಾಕು.

ಅಪ್ಪ ಗಟ್ಟಿ ಆಳು, ಗಟ್ಟಿ ಬಾಯಿ. ನೆಲ ಕಂಡರೆ ಆಸೆ. ಬದುವಿನ ಮೇಲಿನ ಹುಲ್ಲನ್ನು ಕೂಡ ಬೇರೆಯವರ ದನ ಮೇಯಕೂಡದು. ಅವರೆಕಾಯಿ ಕಾಲದಲ್ಲಿ ಸಾಲಿನ ನಡುವೆ ನಾನು ಓಡಾಡಿದರೆ “ಲೋ, ಕಾಲು ಇಡೋ ಜಾಗದಲ್ಲಿ ಒಂದು ಗಿಡ ಬರ್ತಿತ್ತು ಕಣೋ” ಎನ್ನುತ್ತಿದ್ದ. ಸೊಗಡು ಹತ್ತಿದ ಅವನ ಅಂಗಿಯ ವಾಸನೆ, ಬೆಳಗಿನ ಇಬ್ಬನಿಯಲ್ಲಿ ನೆನೆದ ನನ್ನ ಕಾಲು, ಬದುವಿನಲ್ಲಿ ಕೂತು ಅಮ್ಮ ಸುಲಿದುಕೊಡುತ್ತಿದ್ದ ಹಸಿ ಅವರೆ ಕಾಳು, ಇವೆಲ್ಲ ಈಗ ಟಿಕೆಟ್ ಕೌಂಟರ್ ಇರುವಲ್ಲಿ ನಡೆದದ್ದು. ನಂಬುವುದು ನನಗೇ ಕಷ್ಟ.

ನಮ್ಮ ಹೊಲಕ್ಕೆ ಮೂಡಣಕ್ಕೆ ಪಿಳ್ಳಪ್ಪ ಚಿಕ್ಕಪ್ಪನ ಹೊಲ. ಅಪ್ಪನ ಚಿಕ್ಕಪ್ಪನ ಮಗ, ಅಂದರೆ ದಾಯಾದಿ. ಮಾತು ಕಡಿಮೆಯ ಮನುಷ್ಯ. ಅಪ್ಪನ ಮುಂದೆ ಕೂರುತ್ತಲೂ ಇರಲಿಲ್ಲ. ಅಮ್ಮ ಪ್ರತಿ ವರ್ಷ ಮೊದಲ ಕೊಯಿಲಿನ ಅವರೆಕಾಯಿಯನ್ನು ಬುಟ್ಟಿ ತುಂಬ ಅವನ ಮನೆಗೆ ಕಳಿಸುತ್ತಿದ್ದಳು. ಅವನ ಹೊಲದಲ್ಲೂ ಅವರೆ ಇತ್ತು. ಇದೇನು ಹುಚ್ಚು ಎಂದು ನನಗನ್ನಿಸುತ್ತಿತ್ತು, ಆದರೆ ಬುಟ್ಟಿ ಹೊತ್ತವನು ನಾನಾದ್ದರಿಂದ ಅವರ ಮನೆಯಲ್ಲಿ ಸಿಗುವ ಬೆಲ್ಲಕ್ಕಾಗಿ ಸುಮ್ಮನಿರುತ್ತಿದ್ದೆ.

ಅಪ್ಪ ಸತ್ತ ಮೂರನೇ ವರ್ಷಕ್ಕೆ ಎರಡೂ ಹೊಲಗಳನ್ನು ಬಸ್ ಸ್ಟ್ಯಾಂಡಿಗೆ ತೆಗೆದುಕೊಂಡರು. ಆಗ ನಾನು ಹೊಸದಾಗಿ ಮೇಷ್ಟ್ರಾಗಿದ್ದೆ. ಅದೂ ಲೆಕ್ಕದ ಮೇಷ್ಟ್ರು. ಹೊಲ ಹೋಯಿತು ಎಂದು ಅಮ್ಮ ಅಳಲಿಲ್ಲ. “ನಿಮ್ಮಪ್ಪ ಎಲ್ಲಿ ಮಲಗವ್ನೆ ಅಂತ ಆಮೇಲೆ ಹೆಂಗೋ ಗೊತ್ತಾಗೋದು?” ಎಂದು ಕೇಳಿದಳು. ನಾನು ಎದೆ ಉಬ್ಬಿಸಿ, ಅದಕ್ಕೇನಮ್ಮ, ನಾನಿಲ್ಲವೇ ಅಂದೆ. ಮರ ಕಡಿಯುತ್ತಾರೆ, ಬಾವಿ ಮುಚ್ಚುತ್ತಾರೆ. ನಂಬಬಹುದಾದದ್ದು ಸರ್ವೆಯವರು ನೆಟ್ಟ ಬಾಂದುಕಲ್ಲು ಒಂದೇ. ಕಲ್ಲು ಕಿತ್ತರೂ ಅದರ ಜಾಗ ನಕ್ಷೆಯಲ್ಲಿ ಇರುತ್ತದೆ. ನಮ್ಮ ಹೊಲಕ್ಕೂ ಚಿಕ್ಕಪ್ಪನ ಹೊಲಕ್ಕೂ ನಡುವೆ, ಬಡಗಣ ಮೂಲೆಯಲ್ಲಿದ್ದ ಬಾಂದುಕಲ್ಲಿನಿಂದ ನಾನು ಹೆಜ್ಜೆ ಹಾಕಿದೆ. ಪಡುವಣಕ್ಕೆ ಎರಡು, ಅಲ್ಲಿಂದ ತೆಂಕಣಕ್ಕೆ ಮೂವತ್ತೊಂದು. ಮೂರು ಸಲ ಹಾಕಿದೆ, ಮೂರು ಸಲವೂ ಅಷ್ಟೇ. ಸ್ಕೂಲಿನ ಡೈರಿಯಲ್ಲಿ ಕೆಂಪು ಶಾಯಿಯಲ್ಲಿ ಬರೆದಿಟ್ಟುಕೊಂಡೆ. ನನಗೆ ಈ ಚಟ ಹತ್ತಿದ್ದು ಅವತ್ತು. ಅಮ್ಮ ಬದುವಿನ ಮೇಲೆ ಕೂತು ನೋಡುತ್ತಿದ್ದಳು. ಏನೋ ಹೇಳಲು ಬಾಯಿ ತೆರೆದವಳು, ಆಚೆ ಬದಿಯಲ್ಲಿ ಪಿಳ್ಳಪ್ಪ ಚಿಕ್ಕಪ್ಪ ತನ್ನ ಹೊಲದ ಕೊನೆಯ ರಾಗಿ ಕೊಯ್ಯುತ್ತಿದ್ದುದನ್ನು ನೋಡಿ ಸೆರಗು ಬಾಯಿಗಿಟ್ಟುಕೊಂಡಳು. ಅಳು ಬಂತು ಅಂದುಕೊಂಡೆ.

ಕಟ್ಟಡ ಎದ್ದಮೇಲೆ ಪರಿಚಯದ ಒಬ್ಬ ಸರ್ವೆಯರನ್ನು ಹಿಡಿದು ನಕ್ಷೆ ತೋರಿಸಿ ಕೇಳಿದೆ. ಅವನು ಅಳೆದು ನೋಡಿ ನಕ್ಕ. “ಮೇಷ್ಟ್ರೇ, ನಿಮ್ಮ ಬಾಂದುಕಲ್ಲು ಇದ್ದ ಜಾಗದ ನೇರ ಮೇಲಕ್ಕೇ ಪಾರ್ಕಿನ ಬಾಗಿಲು ಬಂದೈತೆ ನೋಡಿ. ಮೇಲೆ ಹೋಗಿ, ಬಾಗಿಲಿಂದ ಹೆಜ್ಜೆ ಹಾಕ್ಕೊಳಿ” ಅಂದ. ಕೆಳಗೆ ತಾರಸಿಯಡಿ ಬಸ್ಸು ಬಂದು ನಿಲ್ಲುವ ಜಾಗದಲ್ಲಿ ಎಲೆ ಹಾಕುವಂತಿಲ್ಲ. ಮೇಲೆ ಹಾಕಬಹುದು. ನೇರ ಕೆಳಗೆ ಅಪ್ಪ.

ಹೀಗೆ ಒಂದು ಮಾರ್ಲಮಿಗೆ ಅಮ್ಮನೂ ನಾನೂ ಎಡೆ ಹೊತ್ತು ಮೊದಲ ಸಲ ಆ ಪಾರ್ಕಿಗೆ ಹೋದದ್ದು. ಜನವಿಲ್ಲದ ಬೆಳಗ್ಗೆಯ ಹೊತ್ತು. ಬಾಗಿಲು ತೆರೆದವನು ಪಿಳ್ಳಪ್ಪ ಚಿಕ್ಕಪ್ಪ. ಹೊಲ ಹೋದವನೆಂದು ಅವನಿಗೆ ಅಲ್ಲಿ ಮಾಲಿಯ ಕೆಲಸ ಕೊಟ್ಟಿದ್ದರು. ಕಾಕಿ ಅಂಗಿ ತೊಟ್ಟು, ನೀರು ಹಾಕುವ ಡಬ್ಬ ಹಿಡಿದು ನಿಂತಿದ್ದ. ರಾಗಿ ಬೆಳೆದ ಕೈ ಈಗ ಹುಲ್ಲಿಗೆ ನೀರು ಹಾಕುತ್ತಿತ್ತು. ನಾನು ಬೋರ್ಡಿನ ಕಡೆ ನೋಡಿದೆ. ಅವನು ಮಾತ್ರ ಬೋರ್ಡಿನ ಕಡೆ ನೋಡಲಿಲ್ಲ, ನಮ್ಮ ಬುಟ್ಟಿಯ ಕಡೆ ನೋಡಿದ. “ಬನ್ನಿ ಅತ್ತಿಗೆ” ಅಂದ.

ಅಮ್ಮನ ತವರು ನಲ್ಲೂರು. ದೊಡ್ಡ ದೊಡ್ಡ ಹುಣಿಸೆ ಮರಗಳ ತೋಪಿನ ಪಕ್ಕದಲ್ಲಿ ಹುಟ್ಟಿ ಬೆಳೆದವಳು. ಕ್ರೋಟನ್ ಗಿಡದ ಎಲೆ ಹಿಡಿದು ನೋಡಿ, “ಇದೇನ್ ಗಿಡಾನೋ, ಹೂವಿಲ್ಲ ಕಾಯಿಲ್ಲ, ಸುಮ್ನೆ ಬಣ್ಣ ಬಳ್ಕೊಂಡು ನಿಂತೈತೆ” ಅಂದಳು. ಆಮೇಲೆ ಕುಕ್ಕರುಗಾಲಲ್ಲಿ ಕೂತು ಹುಲ್ಲಿನ ಬುಡಕ್ಕೆ ಬೆರಳು ಹಾಕಿ ಮಣ್ಣು ತೆಗೆದು ಅಂಗೈಯಲ್ಲಿ ಉಜ್ಜಿದಳು.

“ಇದು ನಮ್ಮ ಹೊಲದ ಮಣ್ಣೇ ಕಣೋ.”

“ಹೌದಮ್ಮ. ಕಂಬಕ್ಕೆ ಅಂತ ಅಗೆದ್ರಲ್ಲ, ಅದೇ ಮಣ್ಣನ್ನ ಮೇಲಕ್ಕೆ ಹಾಕಿದ್ದಾರೆ.”

“ಅವನ ಹತ್ರ ಕಂಬ ಬಂದೈತಾ?”

“ಇಲ್ಲಮ್ಮ. ನಾನು ನೋಡಿದ್ದೀನಿ. ಅಪ್ಪ ಇರೋ ಕಡೆ ಕಂಬ ಇಲ್ಲ.”

ಅವಳು ಕೈಯಲ್ಲಿದ್ದ ಮಣ್ಣನ್ನು ಕೆಳಗೆ ಸುರಿಯಲಿಲ್ಲ. ಸೆರಗಿನ ತುದಿಗೆ ಕಟ್ಟಿಕೊಂಡಳು.

ನಾನು ಬಾಗಿಲಿನಿಂದ ಎಣಿಸಿದೆ. ಪಡುವಣಕ್ಕೆ ಎರಡು, ತೆಂಕಣಕ್ಕೆ ಮೂವತ್ತೊಂದು. ಸರಿಯಾಗಿ ಧ್ವನಿವರ್ಧಕದ ಕಂಬದ ಕೆಳಗೆ, ಸಿಮೆಂಟಿನ ಬೆಂಚಿನ ಪಕ್ಕಕ್ಕೆ ಬಂದು ನಿಂತೆ. ತಿರುಗಿ ನೋಡಿದರೆ ಅಮ್ಮ ಅಲ್ಲಿಂದ ನಾಲ್ಕು ಹೆಜ್ಜೆ ಮೂಡಣಕ್ಕೆ, ಒಂದು ದೊಡ್ಡ ಕ್ರೋಟನ್ ಕುಂಡದ ಹತ್ತಿರ ಎಲೆ ಇಡಲು ಬಗ್ಗುತ್ತಿದ್ದಳು. “ಅಲ್ಲಲ್ಲಮ್ಮ, ಇಲ್ಲಿ” ಎಂದು ಹೋಗಿ ಅವಳ ಕೈಯಿಂದ ಎಲೆ ತೆಗೆದುಕೊಂಡು ಬಂದು ನನ್ನ ಜಾಗದಲ್ಲಿ ಇಟ್ಟೆ. ಅವಳು ಪಿಳ್ಳಪ್ಪ ಚಿಕ್ಕಪ್ಪನ ಕಡೆ ಒಮ್ಮೆ ನೋಡಿದಳು. ಅವನು ಜಿಂಕೆಗೆ ನೀರು ಹಾಕುತ್ತಿದ್ದ. ಸಿಮೆಂಟಿನ ಜಿಂಕೆಗೆ ನೀರು ಹಾಕುವ ಮನುಷ್ಯನನ್ನು ನಾನು ಮೊದಲ ಸಲ ನೋಡಿದ್ದು.

ಕಾಗೆಗಳು ಮೋಟುಗೋಡೆಯ ಮೇಲೆ ಬಂದು ಕೂತವು, ಇಳಿಯಲಿಲ್ಲ. ಇಳಿಯುವುದು ಹೇಗೆ? ಐದು ನಿಮಿಷಕ್ಕೊಮ್ಮೆ ಧ್ವನಿವರ್ಧಕ ಗಂಟಲು ಹರಿದುಕೊಂಡು ಬಸ್ಸಿನ ಹೆಸರು ಕೂಗುತ್ತಿತ್ತು. ಒಂದು ಗಂಟೆ ಕೂತೆವು. ನನಗೆ ಮನೆಯಲ್ಲಿ ಕಾದಿದ್ದ ಕೋಳಿಸಾರಿನ ನೆನಪು. ಕೊನೆಗೆ ಚಿಕ್ಕಪ್ಪ ಬಂದು, “ನೀವು ಹೋಗಿ ಅತ್ತಿಗೆ, ಬಿಸಿಲು ಏರ್ತು. ನಾನು ನೋಡ್ಕೋತೀನಿ” ಅಂದ. ಮಾರನೆಯ ದಿನ ಬಾಗಿಲಿಗೆ ಬಂದು, “ಮುಟ್ತು ಅತ್ತಿಗೆ” ಎಂದು ಹೇಳಿ ಹೋದ. ಅಮ್ಮ ತಲೆ ಅಲ್ಲಾಡಿಸಿದಳು. ನಂಬಿದ ಹಾಗೆ ಕಾಣಲಿಲ್ಲ.

ಮುಂದಿನ ಏಳು ವರ್ಷವೂ ಹೀಗೇ. ಪ್ರತಿ ಮಾರ್ಲಮಿಗೂ ಅಮ್ಮ ಕುಂಡದ ಹತ್ತಿರ ಬಗ್ಗುವುದು, ನಾನು ಎಲೆ ಕಿತ್ತುಕೊಂಡು ಬರುವುದು. ಒಂದೊಂದು ಸಲ ರೇಗುತ್ತಿದ್ದೆ. “ವರ್ಷಾ ವರ್ಷಾ ಹೇಳ್ಬೇಕಾ ನಿಂಗೆ? ಲೆಕ್ಕ ಅಂದ್ರೆ ಲೆಕ್ಕ. ಆ ಕುಂಡದ ಕೆಳಗೆ ಕಂಬ ಐತೆ, ಅಪ್ಪ ಇಲ್ಲ.” ಭಾರ ತಡೆಯಲೆಂದು ದೊಡ್ಡ ಕುಂಡಗಳನ್ನೆಲ್ಲ ಕಂಬದ ನೆತ್ತಿಯ ಮೇಲೇ ಇಟ್ಟಿದ್ದರು, ಅದು ನನಗೆ ಗೊತ್ತಿತ್ತು. ನನಗೆ ಎಲ್ಲವೂ ಗೊತ್ತಿತ್ತು. ಕಂಬ ಅಂದ ಕೂಡಲೇ ಅಮ್ಮನ ಮುಖ ಸಣ್ಣದಾಗುತ್ತಿತ್ತು. “ಸರಿಯಾಗ್ ಎಣಿಸಿದ್ದೀಯಾ ಮಗ?” ಎಂದು ಮೆಲ್ಲಗೆ ಕೇಳುತ್ತಿದ್ದಳು. ಈ ಪ್ರಶ್ನೆಯನ್ನು ನನ್ನ ಹೆಡ್ ಮೇಷ್ಟ್ರು ಕೂಡ ನನ್ನನ್ನು ಕೇಳುವ ಧೈರ್ಯ ಮಾಡುತ್ತಿರಲಿಲ್ಲ. ಮಾರನೆಯ ದಿನ ಚಿಕ್ಕಪ್ಪ ತಪ್ಪದೆ ಬಂದು “ಮುಟ್ತು ಅತ್ತಿಗೆ” ಅನ್ನುತ್ತಿದ್ದ. ಪಾಪ, ಸಮಾಧಾನಕ್ಕೆ ಹೇಳುತ್ತಾನೆ ಎಂದು ನಾನೂ ಅಂದುಕೊಂಡೆ, ಅಮ್ಮನೂ ಅಂದುಕೊಂಡಳು. ಹಬ್ಬದ ಊಟವನ್ನು ಅವಳು ಒಂದು ವರ್ಷವೂ ಪೂರ್ತಿ ಉಣ್ಣಲಿಲ್ಲ.

ಅಷ್ಟರಲ್ಲಿ ಪಾರ್ಕಿನ ಹೊಸತನ ಮುಗಿದಿತ್ತು. ಒಂದು ಜಿಂಕೆಯ ಕೊಂಬು ಮುರಿಯಿತು. ಮಣ್ಣಿಗೆ ಹಾಕಿದ ನೀರು ಎಲ್ಲಿಗೆ ಹೋಗಬೇಕು ಎಂದು ಕಟ್ಟಿಸಿದವರು ಯೋಚಿಸಿರಲಿಲ್ಲವೋ ಏನೋ, ಅದು ಕೆಳಗೆ ಹೆಂಗಸರ ಕಾಯುವ ಕೋಣೆಗೆ ತೊಟ್ಟಿಕ್ಕತೊಡಗಿತು. ಆಚೆ ಸುಡುಬಿಸಿಲು, ಕೋಣೆಯ ಒಳಗೆ ಹೆಂಗಸರು ಕೊಡೆ ಬಿಚ್ಚಿಕೊಂಡು ಕೂತಿರುವುದು. ಹೊರಗೂರಿನವರು ಬಂದು ಇದೇನು ಈ ಊರಿನ ಪದ್ಧತಿ ಎಂದು ಕೇಳುತ್ತಿದ್ದರು. ಬಸ್ಸಿನ ವೇಳಾಪಟ್ಟಿಯ ಬಣ್ಣ ಇಳಿದು ಗೋಡೆ ತುಂಬ ಹರಿಯಿತು. ಕೊನೆಗೆ ಮಣ್ಣು ತೆಗೆಸಿ ಪಾರ್ಕು ಮುಚ್ಚುವುದೆಂದು ಹೇಳಿದರು.

ಅದೇ ವರ್ಷ ಆಷಾಢದಲ್ಲಿ ಅಮ್ಮ ಹಾಸಿಗೆ ಹಿಡಿದಳು. ನನಗೆ ಚಿಂತೆ ಇದ್ದದ್ದು ಡಾಕ್ಟರು, ಗುಳಿಗೆ, ಗಂಜಿ. ಅವಳಿಗಿದ್ದದ್ದು ಬೇರೆ. ಒಂದು ಮಧ್ಯಾಹ್ನ ನನ್ನ ಕೈ ಹಿಡಿದುಕೊಂಡಳು.

“ನನ್ನ ಎಲ್ಲಿ ಮಣ್ಣು ಮಾಡ್ತೀಯೋ?”

ಆ ಮಾತೆಲ್ಲ ಯಾಕಮ್ಮ ಅಂದೆ. ಗಂಡನ ಪಕ್ಕದಲ್ಲಿ ಮಲಗಿಸುವುದು ನಮ್ಮ ಕಡೆಯ ಪದ್ಧತಿ. ಗಂಡ ಬಸ್ ಸ್ಟ್ಯಾಂಡಿನ ಕೆಳಗಿದ್ದ.

“ಹೋಗ್ಲಿ ಬಿಡು. ಮುಂದ್ಲ ಮಾರ್ಲಮಿಗೆ ಅವನ ಎಲೆನಾ ಕುಂಡದ ಹತ್ರ ಇಡೋ.”

“ಯಾಕಮ್ಮ? ಆ ಜಾಗ ಅಲ್ಲ ಅಂತ ಎಷ್ಟ್ ಸಲ...”

“ಇಡು ಅಂದ್ರೆ ಇಡು. ಒಂದೇ ಒಂದ್ಸಲ ನನ್ನ ಮಾತ್ ಕೇಳು. ಎಲ್ಲಾನೂ ಎಣಿಸಬೇಡ.”

“ಆಯ್ತಮ್ಮ” ಅಂದೆ. ಕಾಯಿಲೆಯವರಿಗೆ ಹೇಳುವ ಆಯ್ತು ಅದು. ನಿಮಗೂ ಗೊತ್ತಿರುತ್ತದೆ.

ಶ್ರಾವಣ ಬರುವ ಮುಂಚೆ ಹೋದಳು. ಕೆರೆಯ ಹಿಂದಿನ ಊರ ಸ್ಮಶಾನದಲ್ಲಿ, ಯಾರ್ಯಾರದೋ ನಡುವೆ ಜಾಗ ಸಿಕ್ಕಿತು. ಸೆರಗಿನ ತುದಿಯ ಆ ಮಣ್ಣನ್ನು ಅವಳು ಒಂದು ಸಣ್ಣ ಡಬ್ಬಿಯಲ್ಲಿ ಅಷ್ಟು ವರ್ಷ ಇಟ್ಟುಕೊಂಡಿದ್ದದ್ದು ಆಮೇಲೆ ಸಿಕ್ಕಿತು. ಹೆಂಡತಿ ಇದೇನು ಎಂದು ಕೇಳಿದಳು. ಹೊಲದ ನೆನಪಿಗೆ ಇಟ್ಟಿರಬೇಕು ಅಂದೆ.

ಆ ಮಾರ್ಲಮಿಗೆ ನಾನೊಬ್ಬನೇ ಬುಟ್ಟಿ ಹೊತ್ತು ಮೆಟ್ಟಿಲು ಹತ್ತಿದೆ. ಹುಲ್ಲು ಒಣಗಿತ್ತು, ಬೆಂಚುಗಳನ್ನು ಕಿತ್ತು ಒಂದು ಮೂಲೆಗೆ ಹಾಕಿದ್ದರು, ಧ್ವನಿವರ್ಧಕ ಬಾಯಿ ಮುಚ್ಚಿತ್ತು. ಮುಂದಿನ ವಾರ ಮಣ್ಣು ಇಳಿಸುವವರು ಬರುತ್ತಾರೆಂದು ಪಿಳ್ಳಪ್ಪ ಚಿಕ್ಕಪ್ಪ ಹೇಳಿದ. ಅವನಿಗೂ ವಯಸ್ಸಾಗಿತ್ತು, ಕಾಕಿ ಅಂಗಿ ಜೋಲಾಡುತ್ತಿತ್ತು. ನಾನು ಬಾಗಿಲಲ್ಲಿ ನಿಂತು ಎಲೆ ಹಿಡಿದುಕೊಂಡು ಶುರು ಮಾಡಿದೆ. ಪಡುವಣಕ್ಕೆ ಒಂದು, ಎರಡು. ತೆಂಕಣಕ್ಕೆ ಒಂದು, ಎರಡು, ಮೂರು... ಅಮ್ಮನಿಗೆ ಕೊಟ್ಟ ಮಾತು ನೆನಪಿರಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ನೆನಪಿತ್ತು. ಮೂವತ್ತೊಂದಕ್ಕೆ ನಿಂತು ಬಗ್ಗಿದೆ.

ಹಿಂದಿನಿಂದ ಒಂದು ಕೈ ಬಂದು ನನ್ನ ಕೈಯಲ್ಲಿದ್ದ ಎಲೆಯನ್ನು ಹಿಡಿದುಕೊಂಡಿತು.

“ಅಲ್ಲಲ್ಲ ಕಣಪ್ಪಾ, ಇಲ್ಲಿ” ಅಂದ ಚಿಕ್ಕಪ್ಪ.

ಎಲೆಯನ್ನು ತುಳುಕದ ಹಾಗೆ ಎರಡು ಕೈಯಲ್ಲಿ ಎತ್ತಿಕೊಂಡು ನಾಲ್ಕು ಹೆಜ್ಜೆ ಮೂಡಣಕ್ಕೆ ನಡೆದು, ಕ್ರೋಟನ್ ಕುಂಡದ ಬುಡದಲ್ಲಿ ಇಟ್ಟ. ಆಮೇಲೆ ನನ್ನನ್ನು ದೂರ ಕರೆದುಕೊಂಡು ಹೋಗಿ ಮೋಟುಗೋಡೆಯ ನೆರಳಲ್ಲಿ ಕೂರಿಸಿದ.

“ಏನ್ ಚಿಕ್ಕಪ್ಪ ಇದು? ನಾನು ಬಾಂದುಕಲ್ಲಿಂದ ಎಣಿಸಿದ್ದೀನಿ.”

“ಎಣಿಕೆ ಸರಿಯಾಗೈತಪ್ಪ. ಕಲ್ಲೇ ಸರಿಯಾಗಿರ್ಲಿಲ್ಲ.”

ನನಗೆ ಅರ್ಥವಾಗಲಿಲ್ಲ. ಅವನು ನನ್ನ ಪಕ್ಕದಲ್ಲೇ ಕೂತು ಹೇಳಿದ.

“ನೀನು ಚಿಕ್ಕೋನು ಆಗ. ನಾನು ಮದುವೆಗೆ ಅಂತ ಸಮೇತನಹಳ್ಳಿಗೆ ಹೋಗಿದ್ದೆ, ಮೂರು ದಿವ್ಸ. ವಾಪಸ್ ಬಂದು ನೋಡ್ತೀನಿ, ಕಲ್ಲು ನನ್ನ ಹೊಲದೊಳಕ್ಕೆ ನಾಲ್ಕು ಹೆಜ್ಜೆ ನಡೆದುಬಂದ್ಬಿಟ್ಟಿತ್ತು. ಬದುವೂ ಹೊಸದಾಗಿ ಎದ್ದಿತ್ತು. ನಕ್ಷೆಯಲ್ಲಿ ಕಲ್ಲು ಹಳೇ ಜಾಗದಲ್ಲೇ ಅಲ್ವಾ ಇರೋದು? ನೀನು ಕೆಳಗೆ ಹೆಜ್ಜೆ ಹಾಕಿದ್ದು ನಿಮ್ಮಪ್ಪ ನೆಟ್ಟ ಕಲ್ಲಿಂದ. ಮೇಲೆ ಹಾಕಿದ್ದು ಸರ್ಕಾರ ನೆಟ್ಟ ಕಲ್ಲಿಂದ.”

“ಅಪ್ಪನಾ?”

“ಇನ್ಯಾರು? ಕೇಳೋಕೆ ಅಂತ ಮನೆಗ್ ಹೋದೆ. ಅತ್ತಿಗೆ ಊಟಕ್ಕೆ ಕೂರಿಸಿದ್ರು. ಮುದ್ದೆ ಇಡ್ತಾ ಅವರ ಅಂಗೈ ನೋಡ್ದೆ, ಬೊಬ್ಬೆ ಎದ್ದು ಒಡೆದಿತ್ತು. ಹಾರೆ ಹಿಡಿದ ಕೈ ನಂಗ್ ಗೊತ್ತಾಗಲ್ವಾ? ಅಣ್ಣ ಹಿಡಿ ಅಂದಿರ್ತಾನೆ, ಹಿಡಿದಿರ್ತಾರೆ. ಏನೂ ಕೇಳದೇನೇ ಎದ್ದು ಬಂದೆ. ಅವತ್ತಿಂದ ಅತ್ತಿಗೆ ನನ್ನ ಮುಖ ನೋಡಿ ಮಾತಾಡ್ಲಿಲ್ಲ. ಅವರೆಕಾಯಿ ಕಳಿಸ್ತಿದ್ರು.”

ಬುಟ್ಟಿ ಹೊತ್ತು ಬೆಲ್ಲ ತಿಂದವನು ನಾನು. ಲೆಕ್ಕದ ಮೇಷ್ಟ್ರ ತಲೆ ತಾನಾಗಿಯೇ ಲೆಕ್ಕ ಮಾಡುತ್ತಿತ್ತು. ಅಪ್ಪ ಸೇರಿಸಿಕೊಂಡದ್ದು ನಾಲ್ಕು ಹೆಜ್ಜೆ. ಅವನ ಸಮಾಧಿ ಇದ್ದದ್ದು ಕಲ್ಲಿನಿಂದ ಈಚೆ ಎರಡೇ ಹೆಜ್ಜೆಗೆ. ಬದುವಿನ ಹತ್ತಿರವೇ ಮಲಗಿಸಿ ಎಂದು ಸಾಯುವ ಮುಂಚೆ ಅವನೇ ಹೇಳಿದ್ದ. ಸಮಾಧಿ ಇರುವ ನೆಲವನ್ನು ಯಾರೂ ಮರಳಿ ಕೇಳುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

“ಅಂದ್ರೆ ಅಪ್ಪ ನಿಮ್ಮ ಹೊಲದಲ್ಲಿ...”

“ನನ್ನ ಹೊಲದಲ್ಲೇ ಮಲಗಿದ್ದ. ಈಗ ಯಾರ ಹೊಲ ಬಿಡು.”

“ಮತ್ತೆ ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ಚಿಕ್ಕಪ್ಪ?”

“ಮೊದ್ಲನೇ ವರ್ಷ ಹೊಟ್ಟೆಯುರಿ ಇತ್ತಪ್ಪ, ಸುಳ್ಳು ಯಾಕೆ ಹೇಳ್ಲಿ. ಹುಡುಕಾಡ್ಲಿ ಅಂತ ಸುಮ್ಕಿದ್ದೆ. ನೀವು ಹೋದ್ಮೇಲೆ ನೋಡ್ತೀನಿ, ಎಲೆ ಅಲ್ಲಿ ಒಂಟಿಯಾಗ್ ಬಿದ್ದೈತೆ, ಕಾಗೆ ಇಳೀತಿಲ್ಲ. ನನ್ನ ಹೊಲಕ್ಕೆ ಬಂದು ಮಲಗಿರೋನು, ಏನೇ ಮಾಡಿದ್ರೂ ನಮ್ಮಣ್ಣ. ಉಪವಾಸ ಇರು ಅನ್ನೋಕಾಗುತ್ತಾ? ಎತ್ತಿ ಈ ಕಡೆ ಇಟ್ಟೆ. ಇಟ್ಟ ಹತ್ತು ನಿಮಿಷಕ್ಕೆ ಮುಟ್ತು. ಆಮೇಲೆ ಪ್ರತಿ ವರ್ಷವೂ ಹಂಗೇ ಮಾಡ್ದೆ.”

“ಅಮ್ಮನಿಗೆ ಒಂದು ಮಾತು ಹೇಳಿದ್ರೆ...”

“ಹೆಂಗಪ್ಪಾ ಹೇಳೋದು? ಹೇಳಿದ್ರೆ ಕಲ್ಲಿನ ವಿಷ್ಯ ನಂಗ್ ಗೊತ್ತು ಅಂತ ಅವರಿಗೆ ಗೊತ್ತಾಗೋದು. ಅಷ್ಟು ಮರ್ಯಾದೆಯಾಗಿ ಬದುಕಿದ ಹೆಂಗ್ಸು. ಮುಟ್ತು ಅತ್ತಿಗೆ ಅಂತ ಅಷ್ಟ್ ಮಾತ್ರ ಹೇಳ್ತಿದ್ದೆ. ಅವರು ನಂಬ್ತಿರ್ಲಿಲ್ಲ.”

ಅವನು ಇಷ್ಟು ಮಾತಾಡಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಮಾತು ಮುಗಿಯುವ ಮುಂಚೆ ಒಂದು ಕಾಗೆ ಕುಂಡದ ಅಂಚಿಗೆ ಬಂದು ಕೂತಿತು. ಕತ್ತು ಓರೆ ಮಾಡಿ ನೋಡಿ ಕೆಳಗಿಳಿದು ವಡೆಗೆ ಬಾಯಿ ಹಾಕಿತು. ಎಂಟು ವರ್ಷ ಅಮ್ಮ ಬಿಸಿಲಲ್ಲಿ ಕೂತು ಕಾದದ್ದು ಇಷ್ಟಕ್ಕೆ. ಈಗ ನೋಡುವುದಕ್ಕೆ ಅವಳಿಲ್ಲ. ನಾನು ಆ ಗೋಡೆಗೆ ಒರಗಿ ಮಗುವಿನ ಹಾಗೆ ಅತ್ತೆ. ಚಿಕ್ಕಪ್ಪ ಎದ್ದು ಹೋಗಿ ಒಣಗಿದ ಹುಲ್ಲಿಗೆ ನೀರು ಹಾಕುತ್ತಾ ನಿಂತ.

ಮುಂದಿನ ವಾರ ಲಾರಿಗಳು ಬಂದು ಮಣ್ಣನ್ನು ತುಂಬಿಕೊಂಡು ಹೋದವು. ಯಾವ ಹಳ್ಳ ತುಂಬಿದರೋ ನನಗೆ ತಿಳಿಯದು. ಅಮ್ಮನ ಡಬ್ಬಿಯಲ್ಲಿದ್ದ ಒಂದು ಹಿಡಿಯನ್ನು ನಾನು ಕೆರೆಯ ಹಿಂದೆ ಅವಳ ಸಮಾಧಿಯ ಮೇಲೆ ಹಾಕಿ ಬಂದೆ. ಕಂಬಕ್ಕೆ ಅಗೆದ ಮಣ್ಣು ಏನಾಯಿತೆಂದು ತಿಳಿದ ಮೇಲೆ ಅದನ್ನು ಸೆರಗಿಗೆ ಕಟ್ಟಿಕೊಂಡಿದ್ದಳು. ಕುಂಡದ ಕೆಳಗೆ, ಅಂದರೆ ಅಪ್ಪ ಮಲಗಿದ್ದಲ್ಲೇ, ಕಂಬವಿದೆ ಎಂದು ವರ್ಷ ವರ್ಷ ರೇಗಿ ಹೇಳಿದವನು ನಾನೇ.

ಈಗ ಪಾರ್ಕಿನ ಮೆಟ್ಟಿಲಿಗೆ ಬೀಗ ಜಡಿದಿದ್ದಾರೆ. ಪಿಳ್ಳಪ್ಪ ಚಿಕ್ಕಪ್ಪನೂ ಇಲ್ಲ. ಮಾರ್ಲಮಿಯ ದಿನ ಅಮ್ಮನ ಎಲೆಯನ್ನು ಕೆರೆಯ ಹಿಂದೆ ಇಟ್ಟು, ಬರುವಾಗ ಬಸ್ ಸ್ಟ್ಯಾಂಡಿಗೆ ಹೋಗಿ ಆ ಕಂಬದ ಪಕ್ಕದಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಕಂಡಕ್ಟರುಗಳು ಎಲ್ಲಿಗೆ ಮೇಷ್ಟ್ರೇ, ಹತ್ತಿ ಹತ್ತಿ ಅನ್ನುತ್ತಾರೆ. ಎಲ್ಲಿಗೂ ಇಲ್ಲಪ್ಪ ಅನ್ನುತ್ತೇನೆ. ಅಲ್ಲಿಗೆ ಹೋಗುವುದಕ್ಕೆ ನನಗೆ ಹೆಜ್ಜೆಯ ಲೆಕ್ಕ ಬೇಕಾಗುವುದಿಲ್ಲ. ಎಂಟು ವರ್ಷ ಅಮ್ಮ ಪ್ರತಿ ಸಲವೂ ಅದೇ ಜಾಗದಲ್ಲಿ ಬಗ್ಗಿ ತೋರಿಸಿದ್ದಳು. ನಾನು ಎಣಿಸುತ್ತಿದ್ದೆ.